ಉಡಿ ತುಂಬಿದವಳಿಗೆ ನಂಬರು

ಒಂದರಿಂದ ಐದರೊಳಗೆ ಎಷ್ಟು ಅಂತ ಕೇಳುವುದು ನನ್ನ ಕೆಲಸವಾಗಿತ್ತು. ಕೇಳುವ ಜಾಗ ಮಾತ್ರ ಸಾಯುವವರ ಹಾಸಿಗೆಯ ಪಕ್ಕ.

ಆಸ್ಪತ್ರೆಯವರು ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಮನೆಗೆ ಕಳಿಸಿದ ವಯಸ್ಸಾದ ಕ್ಯಾನ್ಸರ್ ರೋಗಿಗಳಿಗೆ ನಮ್ಮ ಬೆಟಗೇರಿಯ ಒಂದು ಸೇವಾ ಸಂಸ್ಥೆ ಮನೆಗೇ ನರ್ಸುಗಳನ್ನು ಕಳಿಸುತ್ತದೆ. ಗದಗಿನ ಸುತ್ತಲಿನ ಹಳ್ಳಿಗಳು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಹೀಗೆ ಒಬ್ಬೊಬ್ಬ ಸಿಸ್ಟರ್ ಒಂದೊಂದು ದಾರಿ ಹಿಡಿದು ಹೋಗುತ್ತಾರೆ. ಹುಣ್ಣು ತೊಳೆದು ಪಟ್ಟಿ ಹಾಕುವುದು, ಬೆನ್ನಿಗೆ ಹಾಸಿಗೆ ಹುಣ್ಣು ಆಗದಂತೆ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಕಲಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ನೋವಿನ ಗುಳಿಗೆ ತಲುಪಿಸುವುದು ಅವರ ಕೆಲಸ. ಮಾರ್ಫಿನ್ ಎನ್ನುವ ಆ ಗುಳಿಗೆ ಹಳ್ಳಿಯ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ. ಸಂಸ್ಥೆಯ ಡಾಕ್ಟರ್ ಬರೆಯಬೇಕು, ಸಿಸ್ಟರ್ ತರಬೇಕು. ಅವಳು ಬರಲಿಲ್ಲವೆಂದರೆ ಆ ಮನೆಯಲ್ಲಿ ನೋವಿಗೆ ಬೇರೆ ದಾರಿ ಇಲ್ಲ.

ನಮ್ಮ ಅತ್ತೆಯವರು ಅನ್ನನಾಳದ ಕ್ಯಾನ್ಸರಿನಿಂದ ಹೋದರು. ಅವರನ್ನು ನೋಡಿಕೊಂಡ ಸಿಸ್ಟರ್ ಈಗ ಅದೇ ಸಂಸ್ಥೆಯಲ್ಲಿ ಮೇಲ್ವಿಚಾರಕಿ. ಅತ್ತೆಯವರಿಗೆ ಗುಟುಕು ನೀರು ಇಳಿಯದಿದ್ದಾಗ ಹತ್ತಿಯನ್ನು ಒದ್ದೆ ಮಾಡಿ ತುಟಿ ಒರೆಸಿದವಳು ಅವಳು. ನಾನು ಹೆದರಿ ಹೊರಗೆ ನಿಂತಾಗ ಕೈಹಿಡಿದು ಒಳಗೆ ಕರೆತಂದು, "ಇಲ್ಲೆ ಕುಂಡ್ರಿ ಅಕ್ಕಾರ, ಅವ್ರಿಗೆ ನಿಮ್ಮ ಕೈ ಗುರ್ತು ಹತ್ತತೈತಿ" ಅಂದವಳೂ ಅವಳೇ. ನನಗೆ ಒಡಹುಟ್ಟಿದ ತಂಗಿ ಇಲ್ಲ. ಶಿವ ಕೊಟ್ಟ ಅಂದುಕೊಂಡಿದ್ದೆ.

ಅವಳೇ ಒಂದು ದಿನ ಮನೆಗೆ ಬಂದಳು. ಚಹಾ ಕುಡಿಯುತ್ತ ಹೇಳಿದಳು: "ಅಕ್ಕಾರ, ನಮ್ಮ ಸಿಸ್ಟರ್‌ಗೋಳು ಮನಿಯಾಗ ಹೆಂಗ ನೋಡ್ಕೊಳ್ತಾರ ಅನ್ನೂದನ್ನ ಅಳೀಬೇಕಾಗೇತ್ರಿ. ಕಾಲೇಜ್ ಹುಡುಗ್ಯಾರ್ನ ಕಳಿಸಿದ್ರ ಮಂದಿ ಬಾಯಿ ಬಿಡೂದಿಲ್ಲ. ನೀವು ಮನಿಯಾಗ ಕಂಡುಂಡವ್ರು. ನಿಮ್ಮ ಮುಂದ ಹೇಳ್ತಾರ."

"ನಾ ಏನ್ ಅಳೀಲೇ ತಂಗಿ. ನನಗ ಅಕ್ಕಿ ಅಳ್ಯಾಕ ಬರ್ತೈತಿ, ಅಷ್ಟ."

"ಅಷ್ಟು ಬಂದ್ರ ಸಾಕ್ರಿ. ಮಂದಿ ನಿಮ್ಗ ಹೇಳಿದ್ದು ನಮ್ಮಿಬ್ಬರ ನಡುವ. ಯಾವ ಮನಿ ಏನಂತು ಅಂತ ಸಿಸ್ಟರ್‌ಗೋಳಿಗೆ ಯಾವತ್ತೂ ಗೊತ್ತಾಗೂದಿಲ್ಲ."

ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ಹೋಗು. ಅಕಿ ಋಣ ಐತಿ ನಮ್ಮ ಮ್ಯಾಲ" ಅಂದರು. ಒಪ್ಪಿಕೊಂಡೆ.

ಸಂಸ್ಥೆಯ ಡಾಕ್ಟರ್ ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ಮಿತಭಾಷಿ. ಏನು ಕೇಳಬೇಕೆಂದು ಎರಡು ಮಧ್ಯಾಹ್ನ ಕೂರಿಸಿ ಕಲಿಸಿದರು. ನೋವು ಎಷ್ಟಿದೆ ಎಂದು ಸಿಸ್ಟರ್ ಪ್ರತಿ ಸಲ ಕೇಳುತ್ತಾರೆಯೇ? ಗುಳಿಗೆಯನ್ನು ನೋವು ಬಂದ ಮೇಲಲ್ಲ, ಬರುವ ಮೊದಲೇ ಹೊತ್ತು ಹೊತ್ತಿಗೆ ಕೊಡಬೇಕೆಂದು ತಿಳಿಸಿದ್ದಾರೆಯೇ? ಆ ಗುಳಿಗೆ ತೆಗೆದುಕೊಂಡರೆ ಮಲ ಕಟ್ಟುತ್ತದೆ, ಅದಕ್ಕೆ ಔಷಧಿ ಜೊತೆಗೇ ಕೊಟ್ಟಿದ್ದಾರೆಯೇ? ಹುಣ್ಣು ವಾಸನೆ ಬಂದರೆ ಏನು ಮಾಡಬೇಕೆಂದು ಕಲಿಸಿದ್ದಾರೆಯೇ? ಫೋನ್ ಮಾಡಿದರೆ ಎತ್ತುತ್ತಾರೆಯೇ? ಪ್ರತಿಯೊಂದಕ್ಕೂ ಒಂದರಿಂದ ಐದು. ನೋವು ತೋರಿಸಲು ನಗುವ ಮುಖದಿಂದ ಅಳುವ ಮುಖದವರೆಗೆ ಚಿತ್ರ ಬಿಡಿಸಿದ ಒಂದು ರಟ್ಟು. ರೋಗದ ಹೆಸರು ಮಾತ್ರ ಎತ್ತಬಾರದು. ಬಹಳ ಮನೆಗಳಲ್ಲಿ ಅದು ರೋಗಿಗೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಗೊತ್ತಿಲ್ಲದವರಂತೆ ಇರುತ್ತಾರೆ. ಗಡ್ಡೆ ಎನ್ನಬೇಕು, ಹುಣ್ಣು ಎನ್ನಬೇಕು.

ಶುರುವಿನಲ್ಲಿ ಸಿಸ್ಟರ್‌ಗಳ ಜೊತೆ ಸಂಸ್ಥೆಯ ಗಾಡಿಯಲ್ಲೇ ಹೋಗುತ್ತಿದ್ದೆ. ಮುಂಡರಗಿಯಲ್ಲಿ ಐದು, ಹೊಂಬಳದಲ್ಲಿ ಐದು, ಲಕ್ಷ್ಮೇಶ್ವರದಲ್ಲಿ ಐದು. ನಾಲಿಗೆ ಪೂರ್ತಿ ಹುಣ್ಣಾಗಿ ಮಾತಾಡಲು ಬಾರದ ಅಜ್ಜನೊಬ್ಬ ಐದು ಬೆರಳನ್ನೂ ಎತ್ತಿ ತೋರಿಸಿದ. ನನಗೆ ಖುಷಿಯೇ ಆಯಿತು. ಲೋಕದಲ್ಲಿ ಇಷ್ಟು ಒಳ್ಳೆಯ ಕೆಲಸ ನಡೆಯುತ್ತಿದೆಯಲ್ಲ ಎಂದು ಪೂಜೆಗೆ ಕೂತಾಗ ಶಿವನಿಗೆ ಹೇಳಿದೆ. ಮೇಲ್ವಿಚಾರಕಿಗೂ ಖುಷಿ. ಡಾಕ್ಟರ್ ಮಾತ್ರ ಹಾಳೆಗಳನ್ನು ತಿರುವಿ ಹಾಕಿ ಕನ್ನಡಕ ತೆಗೆದರು.

"ಅಲ್ರಿ ಅಕ್ಕಾರ, ಜ್ವರದ ಕಡ್ಡಿ ಊರ ಮಂದಿಗೆಲ್ಲಾ ಒಂದ ತೋರ್ಸಿದ್ರ, ಊರು ಅರಾಮ ಐತಿ ಅಂತೀರೋ, ಕಡ್ಡಿ ಕೆಟ್ಟೈತಿ ಅಂತೀರೋ?"

ಕಡ್ಡಿ ಎಲ್ಲಿ ಕೆಟ್ಟಿದೆ ಅಂತ ನನಗೆ ತಿಳಿದದ್ದು ಲಕ್ಷ್ಮೇಶ್ವರದ ಒಂದು ಮನೆಯಲ್ಲಿ. ನಾವು ಹೊರಡುವಾಗ ಮನೆಯ ಯಜಮಾನಿ ಸಿಸ್ಟರನ್ನು ತಡೆದು, ಚಾಪೆಯ ಮೇಲೆ ಕೂರಿಸಿ, ಅರಿಶಿಣ ಕುಂಕುಮ ಹಚ್ಚಿ ಉಡಿ ತುಂಬಿದರು. ಕುಬಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ. ತವರಿಗೆ ಬಂದ ಮಗಳನ್ನು ಕಳಿಸುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ ಅಂದರು: "ಇನ್ನ ಮುಂದ ನಂಬರ್ ಪಂಬರ್ ಕೇಳಬ್ಯಾಡ್ರಿ. ಅಕಿ ಈ ಮನಿ ಮಗಳು. ಮಗಳಿಗೆ ಯಾರರ ನಂಬರ್ ಕೊಡ್ತಾರೇನು?"

ಕೇಳುತ್ತ ಹೋದೆ. ಹೆಚ್ಚು ಕಡಿಮೆ ಎಲ್ಲ ಮನೆಗಳಲ್ಲೂ ಉಡಿ ತುಂಬಿದ್ದರು. ನನ್ನ ಕೈಯಿಂದಲೂ ನಮ್ಮ ಅತ್ತೆಯವರು ಮಲಗಿದಲ್ಲಿಂದಲೇ ಹೇಳಿ ಮಾಡಿಸಿದ್ದರು. ಯಾರೂ ಮುಟ್ಟದ ಹುಣ್ಣನ್ನು ಮುಟ್ಟುವ ಕೈಗೆ ಸಂಬಳದ ಕೈ ಅನ್ನಲು ನಮ್ಮ ಕಡೆ ಯಾರಿಗೂ ಮನಸ್ಸು ಬರುವುದಿಲ್ಲ, ಮಗಳು ಮಾಡಿಕೊಂಡುಬಿಡುತ್ತಾರೆ. ಒಮ್ಮೆ ಮಗಳಾದಳೋ, ಅವಳ ಮೇಲೆ ಹೊರಗಿನವರ ಮುಂದೆ ದೂರು ಹೇಳುವುದಿಲ್ಲ. ಅವಳು ಬರಲಿ, ಬಿಡಲಿ, ಐದೇ.

ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. "ಹಂಗಾದ್ರ ಮಗಳ ಸುದ್ದಿನ ಬಿಡೋಣ. ಮನಿಯಾಗ ನಿನ್ನೆ ಏನಾತು ಅದನ್ನ ಕೇಳ್ರಿ" ಅಂದರು. ಇಬ್ಬರೂ ಕೂತು ಪ್ರಶ್ನೆ ಬದಲಿಸಿದೆವು. ಸಿಸ್ಟರ್ ಹೇಗೆ ಎಂದು ಕೇಳುವುದೇ ಬೇಡ. ಗುಳಿಗೆ ಡಬ್ಬಿಯಲ್ಲಿ ಈಗ ಎಷ್ಟಿವೆ? ತೀರಿದಾಗ ಏನು ಮಾಡುತ್ತೀರಿ? ಕಡೆಯ ಸಲ ಹೊರಕಡೆಗೆ ಹೋದದ್ದು ಯಾವಾಗ? ಪಟ್ಟಿ ಕಟ್ಟುವವರು ಯಾರು? ಇದಕ್ಕೆ ಉತ್ತರ ಹೇಳಿದರೆ ಯಾರ ಮೇಲೂ ದೂರು ಹೇಳಿದಂತಾಗುವುದಿಲ್ಲ. ನಂಬರು ನಾನು ಆಮೇಲೆ ಹಾಕಿಕೊಳ್ಳಬೇಕು. ಸಂಸ್ಥೆಯ ಗಾಡಿ ಬೇಡ, ನಾನೊಬ್ಬಳೇ ಬಸ್ಸಿನಲ್ಲಿ ಹೋಗಬೇಕು. ರೋಗಿಯನ್ನು ಒಂದಿಷ್ಟು ಹೊತ್ತು ಬೇರೆಯಾಗಿ ಮಾತಾಡಿಸಬೇಕು. ಯಾವ ದಿನ ಯಾವ ಊರು ಎನ್ನುವುದನ್ನು ಮೇಲ್ವಿಚಾರಕಿ ಗೊತ್ತು ಮಾಡುವುದು.

ಹೀಗೆ ಒಬ್ಬಳೇ ಹೋದ ಮನೆಗಳಲ್ಲಿ ಒಂದು ಬೆಳ್ಳಟ್ಟಿಯದು. ಬೆಳ್ಳಟ್ಟಿ ದೊಡ್ಡ ಊರು, ಊರಿನ ಹೆಸರು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಮನೆಯ ಹೆಸರು ಬರೆಯುವುದಿಲ್ಲ.

ಆ ಮನೆಯ ಅಜ್ಜಿಗೆ ಎದೆಯ ಗಡ್ಡೆ ಒಡೆದು ಹುಣ್ಣಾಗಿತ್ತು. ಮಗ ಟ್ರ್ಯಾಕ್ಟರ್ ಹೊಡೆಯುವವನು, ಹಗಲೆಲ್ಲ ಹೊರಗೆ. ನೋಡಿಕೊಳ್ಳುವವಳು ಸೊಸೆ. ಅಜ್ಜಿ ಬಾಗಿಲ ಹತ್ತಿರದ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮಲಗಿದರೆ ಜಗ್ಗುತ್ತದೆ ಎಂದು ಕೂತೇ ಇರುತ್ತಿದ್ದರು. ನಾನು ಮುಖದ ಚಿತ್ರಗಳ ರಟ್ಟು ತೆಗೆದೆ.

"ಇವ್ರ್ಯಾರವ್ವಾ? ಈ ಅಳಾವ ನಮ್ಮ ಮೈದುನ ಕಂಡಂಗ ಕಾಣ್ತಾನ."

"ನೋವು ಎಷ್ಟೈತಿ ಅಂತ ತೋರ್ಸೂದ್ರಿ ಯವ್ವಾ."

"ಅವನ ಮಾರಿ ತೋರ್ಸಿದ್ರ ನನ್ನ ನೋವು ಹೆಂಗ ತಿಳೀತೈತಿ? ಅಂವಂದು ಹುಟ್ಟಿದಾಗಿಂದ ಅದ ಮಾರಿ."

ರಟ್ಟನ್ನು ಚೀಲಕ್ಕೆ ಹಾಕಿದೆ. "ಹಂಗಾರ ಜ್ವಾಳ ಅಳದಂಗ ಹೇಳ್ರಿ. ಚಟಾಕ ಐತೋ, ಪಾವು ಐತೋ, ಸೇರು ಐತೋ?"

ಅಜ್ಜಿ ಯೋಚನೆ ಮಾಡಿದರು. ಇದು ಅವರಿಗೆ ತಿಳಿಯುವ ಲೆಕ್ಕ. "ಗುಳಿಗಿ ನುಂಗಿದಾಗ ಪಾವು. ಅದು ಇಳೀತಂದ್ರ ಸೇರು. ಡಬ್ಬಿ ತೀರಿತಂದ್ರ..." ಅಂದು ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆಯ ಕಡೆ ನೋಡಿದರು. "ಅಕಿನ್ನ ಕೇಳು. ಅಳತಿ ಸಾಲೂದಿಲ್ಲ."

ಒಳಗೆ ಹೋಗಿ ಒಲೆಯ ಹತ್ತಿರ ಕೂತೆ. ಸೊಸೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಡಬ್ಬಿಯಲ್ಲಿ ಎಷ್ಟಿವೆ ಎಂದರೆ ಖಾಲಿ ಎಂದಳು. ಯಾವಾಗಿನಿಂದ ಎಂದರೆ ಮೊನ್ನೆ ಸಂತೆಯಿಂದ ಎಂದಳು. ಪಟ್ಟಿ ಕಟ್ಟುವವರು ಯಾರು?

"ನಾನ. ಸಿಸ್ಟರ್ ಬಂದಾಗ ಹೊಚ್ಚಲದಾಗ ನಿಂತು ಹೆಂಗ ಕಟ್ಟಬೇಕಂತ ಹೇಳ್ತಾಳ್ರಿ. ವಾಸನಿ ಅಕಿಗೆ ಆಗಂಗಿಲ್ಲ. ಪಾಪ, ಹಡದ ಮೈ."

"ಯಾವಾಗ ಬಂದಿದ್ಲು?"

"ಬರ್ತಾಳ್ರಿ. ಬರದಿದ್ದಾಗ ಫೋನ್ ಮಾಡಿ ಕೇಳ್ತಾಳ. ಯಾರರ ಕೇಳಿದ್ರ ಬಂದಿದ್ಲು ಅಂತ ಹೇಳಂತಾಳ." ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆಗ ನನ್ನ ಮುಖ ನೋಡಿದಳು. "ಅಕ್ಕಾರ, ನಾ ಅಕಿಗೆ ಉಡಿ ತುಂಬೀನ್ರಿ. ನಾ ಹೇಳಿದ್ನೆಂತ ಗೊತ್ತಾದ್ರ?"

ನಾನು ಸೆರಗಿನೊಳಗೆ ಕೈ ಹಾಕಿ ಕೊರಳ ಲಿಂಗವನ್ನು ಹಿಡಿದೆ. "ಈ ಲಿಂಗದ ಆಣಿ. ನಿಮ್ಮ ಮನಿ ಹೆಸರು ನನ್ನ ಬಾಯಾಗ ಬರಾಂಗಿಲ್ಲ. ಗುಳಿಗಿ ಬರೂ ಹಂಗ ಮಾಡ್ತೀನಿ."

ಆಮೇಲೆ ಅವಳು ಎಲ್ಲ ಹೇಳಿದಳು. ಗುಳಿಗೆ ತೀರಿದಾಗ ಅಜ್ಜಿ ಹೊದ್ದ ಕೌದಿಯ ಅಂಚನ್ನು ಬಾಯಲ್ಲಿ ಕಚ್ಚಿಕೊಂಡು ಕೂರುತ್ತಾರಂತೆ, ಮೊಮ್ಮಕ್ಕಳಿಗೆ ಕೇಳಬಾರದು ಎಂದು. ವಾಸನೆಗೆ ಒಂದು ಗುಳಿಗೆಯನ್ನು ಕುಟ್ಟಿ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸುವುದು ಉಂಟು ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಊದುಬತ್ತಿ ಹಚ್ಚುತ್ತಿದ್ದಳು. ಹೊರಡುವಾಗ ಒಂದು ಬಿಸಿ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿ ಸುರುಳಿ ಮಾಡಿ ಕೈಗಿಟ್ಟಳು. ಶಿರಹಟ್ಟಿಯವರೆಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅದನ್ನೂ ಶಿವನ ಕೃಪೆಯೆಂದೇ ಎಣಿಸಿಕೊಂಡೆ.

ಮರುದಿನ ಮೇಲ್ವಿಚಾರಕಿಯ ಮುಂದೆ ಕೂತು ಹೇಳಿದೆ. ಒಂದು ಮನೆಯಲ್ಲಿ ಹೀಗಿದೆ, ಗುಳಿಗೆಗೆ ಎರಡು ನಂಬರು, ಹುಣ್ಣಿಗೆ ಒಂದು. ಯಾವ ಮನೆ ಎಂದು ಕೇಳಿದಳು.

"ಆಣಿ ಮಾಡೀನಿ ತಂಗಿ. ಕೇಳಬ್ಯಾಡ. ನೀನ ಹೇಳಿದ್ದಿ ಸಿಸ್ಟರ್‌ಗೋಳಿಗೆ ಗೊತ್ತಾಗೂದಿಲ್ಲಂತ."

ಅವಳು ನನ್ನ ಕೈ ಮೇಲೆ ಕೈ ಇಟ್ಟಳು. "ಬ್ಯಾಡ ಬಿಡ್ರಿ ಅಕ್ಕಾರ. ಆ ದಾರಿಯಾಗ ಎಲ್ಲಾ ಮನಿಗೂ ಹೆಚ್ಚಿಗಿ ಗುಳಿಗಿ ಕಳಸ್ತೀನಿ. ಯಾರ್ದು ಅಂತ ಹೆಂಗ ಗೊತ್ತಾಕ್ಕೈತಿ?"

ಎಂಥ ಜಾಣತನ, ಎಂಥ ಮನಸ್ಸು ಅಂದುಕೊಂಡೆ. ಮನೆಗೆ ಬಂದು ನಮ್ಮ ಮನೆಯವರ ಮುಂದೆ ಅವಳನ್ನು ಹೊಗಳಿದೆ.

ಕೆಲವು ದಿನಗಳ ಮೇಲೆ ಸಂಸ್ಥೆಯಲ್ಲಿ ಸಭೆ ಇತ್ತು. ದಾನ ಕೊಡುವವರು ಹುಬ್ಬಳ್ಳಿಯಿಂದ ಬಂದಿದ್ದರು. ಮೇಲ್ವಿಚಾರಕಿ ಎದ್ದು ನಿಂತು, ಮನೆಮನೆಗೆ ಹೋಗಿ ಅಳೆದ ಫಲವೆಂದು ಓದಿದಳು. ಮುಂಡರಗಿ ದಾರಿ, ಲಕ್ಷ್ಮೇಶ್ವರ ದಾರಿ, ಶಿರಹಟ್ಟಿ ದಾರಿ. ಎಲ್ಲೂ ಎರಡಿಲ್ಲ, ಒಂದಿಲ್ಲ. ಡಾಕ್ಟರಿಗೆ ಬರೀ ಐದು ಸೇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತಲ್ಲ, ಮಜ್ಜಿಗೆಗೆ ಉಪ್ಪು ಹಾಕಿದ ಹಾಗೆ ಅಲ್ಲೊಂದು ಇಲ್ಲೊಂದು ನಾಲ್ಕು ಹಾಕಿದ್ದಳು. "ಇದನ್ನು ಅಳೆದವರು ಹೊರಗಿನವರಲ್ಲ, ನಮ್ಮ ಸೇವೆ ಪಡೆದ ಮನೆಯ ತಾಯಿ" ಎಂದು ನನ್ನ ಹೆಸರು ಹೇಳಿದಳು. ಕರೆದು ಶಾಲು ಹೊದಿಸಿದರು. ಚಪ್ಪಾಳೆ ಹೊಡೆದರು. ಕೈ ಮುಗಿದು ಬಂದು ಕೂತೆ. ಬೆನ್ನ ಮೇಲೆ ಆ ಶಾಲು ಒದ್ದೆ ಬಟ್ಟೆಯ ಹಾಗಿತ್ತು.

ಊಟದ ಹೊತ್ತಿಗೆ ಕೈತೊಳೆಯುವಲ್ಲಿ ಅವಳನ್ನು ಹಿಡಿದೆ. "ಇದೇನ ತಂಗಿ, ನಾ ಕೊಟ್ಟ ನಂಬರ್ ಇವಲ್ಲ."

"ಗುಳಿಗಿ ಕಳಿಸೀನಿಲ್ರಿ ಅಕ್ಕಾರ? ಕೆಲಸ ಆತಿಲ್ಲೋ? ನಂಬರ್ ಹಿಡ್ಕೊಂಡು ಏನ್ ಮಾಡ್ತೀರಿ. ಈ ದಾನ ಕೊಡಾವ್ರು ಕೈ ಬಿಟ್ರ ಇಷ್ಟೂ ಮನಿಗೆ ಗುಳಿಗಿ ನಿಲ್ತಾವು. ಅದನ್ನ ಅಳೀರಿ ಬೇಕಾರ."

ಆ ಮಾತಿನಲ್ಲಿ ಒಂದು ನ್ಯಾಯ ಇದೆ ಎನಿಸಿತು. ಗುಳಿಗೆ ಹೋಗಿದೆಯಲ್ಲ, ಅಜ್ಜಿ ಕೌದಿ ಕಚ್ಚುವುದು ತಪ್ಪಿತಲ್ಲ. ಸುಳ್ಳು ಓದಿದ್ದು ಅವಳ ಪಾಪ, ಅವಳ ಶಿವ ನೋಡಿಕೊಳ್ಳಲಿ. ಹಾಗೆ ಅಂದುಕೊಂಡರೂ ಮನಸ್ಸು ಒಪ್ಪಲಿಲ್ಲ. ಯಾರೂ ಹೇಳದಿದ್ದರೂ ಮರುವಾರ ನಾನೇ ಬೆಳ್ಳಟ್ಟಿಯ ಬಸ್ಸು ಹತ್ತಿದೆ, ಅಜ್ಜಿಯ ಮುಖವನ್ನೊಮ್ಮೆ ನೋಡಿ ಬಂದರೆ ಸಮಾಧಾನವಾದೀತೆಂದು.

ಸೊಸೆ ಬಾಗಿಲಲ್ಲೇ ನಿಂತಿದ್ದಳು. ಬರ್ರಿ ಅನ್ನಲಿಲ್ಲ, ಕುಂಡ್ರಿ ಅನ್ನಲಿಲ್ಲ.

"ಸಿಸ್ಟರ್ ಬಂದಿದ್ಲು," ಅಂದಳು. "ಒಳಗ ಬರ್ಲಿಲ್ಲ. ನಾ ತುಂಬಿದ ಉಡೀನ ಚೀಲದಾಗ ತಂದಿದ್ಲು. ಖಣ, ಕೊಬ್ಬರಿ ಬಟ್ಟಲ, ಎಲ್ಲಾ. ಹೊಚ್ಚಲದ ಮ್ಯಾಲಿಟ್ಟು, ನಿಮ್ಮ ಮಗಳು ಎರಡು ನಂಬರಿನಾಕಿ ಅಲ್ಲೇನ್ರಿ, ಐದು ನಂಬರಿನಾಕಿನ್ನ ಹುಡುಕ್ಕೋರ್ರಿ, ಅಂದು ಹೋದ್ಳು."

ಉಡಿ ತಿರುಗಿ ಕೊಡುವುದು ಎಂಥದ್ದೆಂದು ನಮ್ಮ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಅದನ್ನು ವೈರಿಯೂ ಮಾಡುವುದಿಲ್ಲ. ಅದೂ ರೋಗಿ ಹಾಸಿಗೆ ಹಿಡಿದ ಮನೆಯ ಹೊಸ್ತಿಲ ಮೇಲೆ.

"ಗುಳಿಗಿ?"

"ಎಲ್ಲೀ ಗುಳಿಗಿ."

ಅವಳ ಹಿಂದೆ, ಒಳಗೆ, ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ಕೌದಿಯ ಅಂಚು ಬಾಯಲ್ಲಿತ್ತು. ನನ್ನನ್ನು ಕಂಡು ಅದನ್ನು ಬಾಯಿಂದ ತೆಗೆದು, "ಬಾರವ್ವಾ" ಅಂದರು. ಅಷ್ಟು ಅಂದದ್ದೇ ಹೆಚ್ಚು, ಮತ್ತೆ ಕಚ್ಚಿಕೊಂಡರು.

"ಆಣಿ ಮಾಡಿದ್ರಿ ಅಕ್ಕಾರ," ಅಂದಳು ಸೊಸೆ. ಸಿಟ್ಟಿನಿಂದ ಅನ್ನಲಿಲ್ಲ. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಿನ್ನ ಮನಿ ಹೆಸರು ನಾ ಹೇಳಿಲ್ಲವ್ವಾ. ಲಿಂಗ ಮುಟ್ಟಿ ಹೇಳ್ತೀನಿ."

"ಮತ್ತ್ಯಾರು ಹೇಳಿದ್ರು?"

ಬಸ್ ನಿಲ್ದಾಣದಲ್ಲಿ ಕಲ್ಲಿನ ಮೇಲೆ ಕೂತಾಗ ಉತ್ತರ ಹೊಳೆಯಿತು. ಯಾವ ದಿನ ಯಾವ ಊರು ಎಂದು ಗೊತ್ತು ಮಾಡಿದವಳು ಮೇಲ್ವಿಚಾರಕಿ. ಆ ದಿನ ನನ್ನನ್ನು ಬೆಳ್ಳಟ್ಟಿಗೆ ಕಳಿಸಿದವಳು ಅವಳು, ಬೆಳ್ಳಟ್ಟಿಯಲ್ಲಿ ಸಂಸ್ಥೆಯ ಹುಣ್ಣಿನ ರೋಗಿ ಒಬ್ಬರೇ. ಯಾವ ಮನೆ ಎಂದು ಕೇಳಿದಾಗಲೇ ಅವಳಿಗೆ ಗೊತ್ತಿತ್ತು. ನನ್ನ ಬಾಯಿಂದ ಬರುತ್ತದೆಯೋ ನೋಡಿದಳು, ಬರಲಿಲ್ಲ, ನನ್ನ ಕೈ ಸವರಿ ಕಳಿಸಿದಳು. ಅಲ್ಲೇ ಕೂತು ಫೋನ್ ಮಾಡಿದೆ.

"ನೀ ಸಿಸ್ಟರ್‌ಗೆ ಹೇಳಿದಿಯೇನು?"

"ತಿದ್ದಿಕೋ ಅಂತ ಹೇಳಿದೆ ಅಕ್ಕಾರ. ಅಕಿ ಹಂಗ ಮಾಡ್ತಾಳಂತ ನನಗೇನ್ ಗೊತ್ತು? ಆ ದಾರಿಗೆ ಹೋಗಾಕ ಬ್ಯಾರೆ ಯಾರೂ ಒಪ್ಪೂದಿಲ್ಲ. ಅಕಿನೂ ಬಿಟ್ರ ನಾ ಯಾರನ್ನ ಕಳಸ್ಲಿ?"

"ಗುಳಿಗಿ ಕಳಿಸೀನಿ ಅಂದಿ."

"ಅಕಿ ಕೈಯಾಗ ಕೊಟ್ಟು ಕಳಿಸಿನ್ರಿ."

"ಮುಟ್ಟಿಲ್ಲ."

"ಅಕ್ಕಾರ." ಅವಳ ದನಿ ಮೆತ್ತಗಾಯಿತು. "ನಿಮ್ಮ ಅತ್ತಿಯವ್ರ ಕಡೀ ಗಳಿಗಿಯೊಳಗ ಅವ್ರ ಮಗ್ಗಲದಾಗ ಯಾರಿದ್ರು, ನೆನಪೈತಿಲ್ಲೋ? ಈ ಸುದ್ದಿ ಡಾಕ್ಟರ್ ತನಕ ಒಯ್ಯಬ್ಯಾಡ್ರಿ. ನಿಮ್ಮ ತಂಗಿ ಅಂತ ಕೇಳ್ಕೊಳ್ತೀನಿ."

ನೆನಪಿದೆ. ಅದೇ ತೊಂದರೆ. ಅವಳು ಮೊದಲಿನಿಂದಲೂ ಕೆಟ್ಟವಳಾಗಿದ್ದರೆ ನನಗೆ ಇಷ್ಟು ಸುಡುತ್ತಿರಲಿಲ್ಲ. ಅತ್ತೆಯವರ ತುಟಿ ಒರೆಸಿದ ಕೈ ಖರೆ, ನನ್ನ ಕೈ ಸವರಿದ ಕೈಯೂ ಅದೇ. ಒಂದು ಸೇವೆಯನ್ನು ಇಷ್ಟು ವರ್ಷ ಜೋಪಾನವಾಗಿಟ್ಟು, ಬೇಕಾದಾಗ ತೆಗೆದು ನನ್ನ ಬಾಯಿಗೆ ಬಟ್ಟೆಯ ಹಾಗೆ ತುರುಕಿದ್ದಳು. ಫೋನ್ ಇಟ್ಟೆ.

ಮನೆಗೆ ಹೋಗಲಿಲ್ಲ. ಗದಗಿನಲ್ಲಿ ಇಳಿದವಳೇ ಡಾಕ್ಟರ ಮನೆಗೆ ಹೋದೆ. ಬರುವ ದಾರಿಯೆಲ್ಲ ಒಂದೇ ಯೋಚನೆ: ಹೆಸರು ಹೇಳಿದರೆ ಗುಳಿಗೆ ಇವತ್ತೇ ಹೋಗುತ್ತದೆ, ಆಣೆ ಮುರಿಯುತ್ತದೆ. ಹೇಳದಿದ್ದರೆ ಆಣೆ ಉಳಿಯುತ್ತದೆ, ಅಜ್ಜಿ ಕೌದಿ ಕಚ್ಚಿಕೊಂಡೇ ಇರುತ್ತಾರೆ. ಇವೆರಡರ ನಡುವೆ ಒಂದು ಸಂದು ಸಿಕ್ಕಿತು.

"ಸರ, ಶಿರಹಟ್ಟಿ ದಾರಿಯಾಗ ಎಷ್ಟು ಮನಿ ಅದಾವೋ ಅಷ್ಟಕ್ಕೂ ನೀವ ಖುದ್ದ ಹೋಗ್ರಿ. ನಾಳೆನ ಹೋಗ್ರಿ. ಗುಳಿಗಿ ತಗೊಂಡು ಹೋಗ್ರಿ."

"ಯಾವ ಮನಿ ಅಂತ ಹೇಳ್ರಿ, ಈಗ ಹೊಂಡ್ತೀನಿ."

"ಅದೊಂದು ಕೇಳಬ್ಯಾಡ್ರಿ. ಸಭಾದಾಗ ಓದಿದ ನಂಬರ್ ನನ್ನವಲ್ಲ. ನಾ ಕೊಟ್ಟಿದ್ದು ಬ್ಯಾರೆ."

ಶಾಲು ಹೊದ್ದು ಚಪ್ಪಾಳೆ ಹೊಡೆಸಿಕೊಂಡವಳು ಈಗ ಬಂದು ಹೀಗೆ ಹೇಳಿದರೆ ಯಾರು ನಂಬಬೇಕು? ಆದರೂ ಡಾಕ್ಟರ್, "ಮುಂಜಾನೆ ಬರ್ರಿ" ಅಂದರು.

ಮುಂಜಾನೆ ಗಾಡಿಯ ಮುಂದಿನ ಸೀಟಿನಲ್ಲಿ ಮೇಲ್ವಿಚಾರಕಿ ಕೂತಿದ್ದಳು. ಹಿಂದೆ ಆ ದಾರಿಯ ಸಿಸ್ಟರ್, ತೊಡೆಯ ಮೇಲೆ ಔಷಧಿಯ ಪೆಟ್ಟಿಗೆ. ದಾರಿಯ ಮನೆಗಳನ್ನು ತೋರಿಸುವವರು ಬೇಕೆಂದು ಡಾಕ್ಟರೇ ಕರೆದಿದ್ದರು. ಸಿಸ್ಟರ್ ತೆಳ್ಳಗಿನ ಹುಡುಗಿ, ಕಣ್ಣ ಕೆಳಗೆ ಕಪ್ಪು. ದಾರಿಯಲ್ಲಿ ಮೇಲ್ವಿಚಾರಕಿ ಹಿಂದೆ ತಿರುಗಿ, "ಅಕ್ಕಾರ, ಗಾಳಿ ಹತ್ತಾಕತ್ತೈತೇನು, ಗ್ಲಾಸ್ ಏರ್ಸಲ್ರಿ?" ಅಂದಳು. ಬೇಡ ಅಂದೆ.

ಬೆಳ್ಳಟ್ಟಿಗೆ ಮೊದಲು ಎರಡು ಮನೆ ಮುಗಿಸಿದೆವು. ನಂತರ ಆ ಮನೆ. ಡಾಕ್ಟರ್ ಒಳಗೆ ಹೋಗಿ ನೆಲಕ್ಕೆ ಮೊಣಕಾಲೂರಿ ಕೂತರು.

"ನೋವು ಎಷ್ಟೈತ್ರಿ ಯವ್ವಾ?"

ಅಜ್ಜಿಯ ಕಣ್ಣು ಡಾಕ್ಟರನ್ನು ದಾಟಿ ಸಿಸ್ಟರ್ ನಿಂತಲ್ಲಿಗೆ ಹೋಯಿತು. "ಅಷ್ಟೇನಿಲ್ರಿ ಸಾಹೇಬ್ರ. ತಡಕೋ ಹಂಗ ಐತಿ."

ಡಾಕ್ಟರ್ ಆ ಮಾತನ್ನು ಬರೆದುಕೊಳ್ಳಲಿಲ್ಲ. ಅಜ್ಜಿ ಹೊರಸಿನ ಕಟ್ಟನ್ನು ಹಿಡಿದ ಕೈ ನೋಡಿದರು. ಬೆರಳಿನ ಗೆಣ್ಣು ಬೆಳ್ಳಗಾಗಿದ್ದವು. ಪಟ್ಟಿ ಬಿಚ್ಚಿದಾಗ ವಾಸನೆ ಇಡೀ ಪಡಸಾಲೆಗೆ ಬಂತು. ಸಿಸ್ಟರ್ ಮುಖ ತಿರುಗಿಸಿದಳು. ಡಾಕ್ಟರ್ ತಾವೇ ಹುಣ್ಣು ತೊಳೆದು, ಗುಳಿಗೆ ಕುಟ್ಟಿದ ಪುಡಿ ಉದುರಿಸಿ, ಪಟ್ಟಿ ಅಂಟದಂತೆ ಎಣ್ಣೆ ಸವರಿದ ಬಟ್ಟೆ ಇಟ್ಟರು. ಹೇಗೆಂದು ಸೊಸೆಗೆ ತೋರಿಸಿದರು. ನೋವಿನ ಗುಳಿಗೆಯನ್ನು ಮೊದಲಿಗಿಂತ ಹೆಚ್ಚು ಮಾಡಿ, ಅದರ ಜೊತೆ ಮಲ ಸಡಿಲಾಗುವ ಔಷಧಿ ಕೊಟ್ಟು, ಇಬ್ಬರಿಗೂ ಹೊತ್ತು ತಿಳಿಸಿ ಹೇಳಿದರು. ಚಹಾ ಮಾಡುತ್ತೇವೆಂದರೂ ಬೇಡವೆಂದು, ಗುಳಿಗೆ ಹತ್ತುವವರೆಗೂ ಅಲ್ಲೇ ಕೂತರು. ಅಜ್ಜಿಯ ಕೈ ಹೊರಸಿನ ಕಟ್ಟನ್ನು ನಿಧಾನವಾಗಿ ಬಿಟ್ಟಿತು. ತಲೆ ವಾಲಿತು. ನಾನು ದಿಂಬು ಕೊಟ್ಟೆ. ಎಷ್ಟೋ ದಿನಗಳ ಮೇಲೆ ಅವರು ಅಡ್ಡಾದರು. ಆ ದಿನ ಶಿವ ಕೊಟ್ಟದ್ದು ಅದು. ದೊಡ್ಡದೇ ಕೊಟ್ಟ.

ಡಾಕ್ಟರ್ ಅಂಗಳಕ್ಕೆ ಬಂದು ಸೊಸೆಯನ್ನು ಕೇಳಿದರು. ಸಿಸ್ಟರ್ ಅಲ್ಲೇ ಇದ್ದಳು, ಮೇಲ್ವಿಚಾರಕಿ ಇದ್ದಳು, ನಾನಿದ್ದೆ.

"ಖರೆ ಹೇಳವ್ವಾ. ಗುಳಿಗಿ ಯಾವಾಗ ತೀರಿದ್ವು? ಸಿಸ್ಟರ್ ಬರ್ತಿದ್ಲೋ ಇಲ್ಲೋ?"

ಸೊಸೆ ಸೆರಗು ಸರಿಮಾಡಿಕೊಂಡಳು. "ಬರ್ತಿದ್ರರಿ. ಎಲ್ಲಾ ಛಲೋ ಮಾಡ್ಯಾರ್ರಿ. ಗುಳಿಗಿ ಡಬ್ಬಿ ನಾವ ಕಳಕೊಂಡಿದ್ವಿ. ಹುಡುಗ್ರು ಎಲ್ಲೋ ಒಗದಿದ್ವು."

"ಹುಣ್ಣು?"

"ಅದನ್ನೂ ಹೇಳಿಕೊಟ್ಟಿದ್ರರಿ. ನನಗ ನೆನಪ ಉಳೀಲಿಲ್ಲ."

ಡಾಕ್ಟರ್ ನನ್ನ ಕಡೆ ತಿರುಗಿದರು. ನಾನು ಏನು ಹೇಳಬೇಕಿತ್ತು? ಈ ಮನೆಯೇ ಎಂದರೆ ಆಣೆ. ಅಲ್ಲ ಎಂದರೆ ಸುಳ್ಳು. ಸುಮ್ಮನೆ ನಿಂತೆ. ಮೇಲ್ವಿಚಾರಕಿ ನೆಲ ನೋಡುತ್ತಿದ್ದಳು. ಒಂದು ಸಲ ಕಣ್ಣೆತ್ತಿ ನನ್ನನ್ನು ನೋಡಿದಳು. ಗೆದ್ದ ನೋಟವಲ್ಲ ಅದು. ದಣಿದ ನೋಟ. ಅದನ್ನು ಕಂಡು ನನಗೆ ಇನ್ನೂ ಕಷ್ಟವಾಯಿತು.

"ಸರಿ," ಅಂದರು ಡಾಕ್ಟರ್. "ಇನ್ಮ್ಯಾಲ ಈ ದಾರಿಗೆ ತಿಂಗಳಿಗೊಮ್ಮೆ ನಾನೂ ಬರ್ತೀನಿ." ಅಷ್ಟೇ ಹೇಳಿದರು. ಸಭೆಯಲ್ಲಿ ಓದಿದ ನಂಬರಿನ ಮಾತು ಅಲ್ಲಿಗೆ ಮುಗಿಯಿತು.

ಗಾಡಿ ಹತ್ತಲು ನನಗೆ ಮನಸ್ಸಾಗಲಿಲ್ಲ. ಊರೊಳಗೆ ನೆಂಟರಿದ್ದಾರೆ ಎಂದು ಹೇಳಿ ಅವರನ್ನು ಮುಂದಿನ ಮನೆಗೆ ಕಳಿಸಿ, ಬಸ್ ನಿಲ್ದಾಣದ ಕಡೆ ನಡೆದೆ. ಹಿಂದೆ ಚಪ್ಪಲಿಯ ಸದ್ದು ಕೇಳಿತು. ಸೊಸೆ.

"ಅಕ್ಕಾರ, ಸಿಟ್ಟಾದ್ರೇನು?"

"ನನ್ನ ಸುಳ್ಳಿ ಮಾಡಿದೆಲ್ಲವ್ವಾ."

"ಮಾಡಿದ್ನಿ." ಅವಳು ತಲೆ ತಗ್ಗಿಸಲಿಲ್ಲ. "ನೀವು ಛಲೋ ಮಂದಿ. ಇವತ್ತ ಬಂದ್ರಿ, ಬಸ್ ಬಂತಂದ್ರ ಹೋಕ್ಕೀರಿ. ಡಾಕ್ಟರ್ ತಿಂಗಳಿಗೊಮ್ಮೆ ಬರ್ತಾರ. ನಡುವ ನಮ್ಮತ್ತಿಗೆ ಗುಳಿಗಿ ತರಾಕಿ ಅಕಿನ ಅಲ್ಲೇನ್ರಿ. ಖಣ ಒಗದು ಮಡಚಿ ಇಟ್ಟೀನಿ. ಸುಕ್ಕರಾರ ಬಂದ್ರ ಮತ್ತ ಉಡಿ ತುಂಬ್ತೀನಿ."

ಬಸ್ಸು ಬರುವವರೆಗೂ ನನ್ನ ಪಕ್ಕದಲ್ಲಿ ನಿಂತಿದ್ದಳು. ಹತ್ತಿದ ಮೇಲೆ ಕಿಟಕಿಯ ಹತ್ತಿರ ಬಂದು, "ಇನ್ನೂ ಮಲಗ್ಯಾರ ನೋಡ್ರಿ," ಅಂದಳು, "ಎದ್ರ ನನ್ನ ಹುಡುಕ್ತಾರ," ಅಂದು ಮನೆಯ ಕಡೆ ಓಡಿದಳು.